ವಾಗ್ಯಾನ ಗುಳಿಗಿ, ನಮ್ಮ ಮನಿ ಜಂತಿ

ನಮ್ಮ ಮನ್ಯಾಗ ಹುಳ ಇಲ್ಲ! ಇದ್ದಿಲ್ಲ! ಇರೂದೂ ಇಲ್ಲ!

ಈ ಮಾತು ನಾನು ನಮ್ಮೂರು ಕರೋಶಿಯ ಅಗಸಿ ಬಾಗಿಲ ಮುಂದೆ ನಿಂತು, ಎಡಗೈಯಿಂದ ಮೀಸಿ ತಿರುವುತ್ತ, ಬಲಗೈಯಿಂದ ತೊಡಿ ಬಡಿದು ಹೇಳಿದ್ದು. ಕುಸ್ತಿ ಬಿಟ್ಟು ವರ್ಷಗಟ್ಟಲೆ ಆತು, ತೊಡಿ ಬಡಿಯೂ ರೂಢಿ ಮಾತ್ರ ಬಿಟ್ಟಿಲ್ಲ. ಸಾಲಿ ಕಲಿತದ್ದು ಮೂರನೇ ಇಯತ್ತೆ ಮಟ. ಒಂದು ದಿನ ಮಾಸ್ತರರು ಕೈ ಎತ್ತಿದರು, ನಾನೂ ಎತ್ತಿದೆ. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಸಾಂಗವಾಗಿ ಸಂಪೂರ್ಣವಾಯಿತು!

ನನ್ನ ಹೆಸರು ಮಾಳಸಿದ್ದ. ಹೊಲ ಅಷ್ಟಕ್ಕಷ್ಟೆ, ಕುರಿ ಅಷ್ಟಕ್ಕಷ್ಟೆ, ಸಿಟ್ಟು ಮಾತ್ರ ಭರಪೂರ. ಹೆಂಡತಿ ಲಗಮವ್ವಗೂ ಸಿಟ್ಟು ಐತಿ, ಆದರೆ ಜಾತಿ ಬೇರೆ. ನನ್ನದು ಒಲಿ ಮೇಲಿನ ಹಾಲು. ಭುಸ್ಸಂತ ಉಕ್ಕಿ ಒಲಿ ಆರಿಸಿ ತಾನೂ ತಣ್ಣಗಾಗತೈತಿ. ಆಕೆಯದು ಕುಳ್ಳಿನ ಕೆಂಡ. ಮೇಲೆ ಬೂದಿ, ಒಳಗೆ ನಿಗಿ ನಿಗಿ. ಕಾಲಿಟ್ಟವಗೇ ಗೊತ್ತು!

ನಮಗೊಬ್ಬಳು ಮಗಳು, ಸಾವಕ್ಕ. ಆಗಿನ್ನೂ ಒಂದನೇ ಇಯತ್ತೆಗೂ ಹೋಗದ ಬಿನ್‌ಇಯತ್ತೆ ಹುಡಿಗಿ. ಇನ್ನೊಬ್ಬ ಮಗ ಅಂದರೆ ನಮ್ಮ ನಾಯಿ, ವಾಗ್ಯಾ. ಕುರಿ ಕಾಯೂ ನಾಯಿ, ಕರಿ ಮೈ, ಕುತ್ತಿಗೆಗೆ ಬಿಳೇ ಪಟ್ಟಿ. ವಾಗ್ಯಾ ಒಮ್ಮೆ ಒದರಿದನೆಂದರೆ ಚಿಕ್ಕೋಡಿ ಹಾದಿಯ ಸೈಕಲ್ಲು ತಾವಾಗಿಯೇ ಬ್ರೇಕು ಹಿಡಿಯುತ್ತಿದ್ದವು. ನಾನು ರೊಟ್ಟಿ ತಿಂದರೆ ಅದರಾಗ ವಾಗ್ಯಾಗ ಒಂದು ತುಣುಕು, ಸಾವಕ್ಕಗ ಒಂದು ತುತ್ತು. ಇಬ್ಬರಿಗೂ ಇದೇ ಕೈಯಿಂದ! ರಾತ್ರಿ ಸಾವಕ್ಕ ಕೌದಿ ಹೊದ್ದರೆ ಕೌದಿಯ ಇನ್ನೊಂದು ತುದಿಯಿಂದ ವಾಗ್ಯಾನ ಬಾಲ ಹೊರಗೆ ಬರುತ್ತಿತ್ತು.

ಇಂಥಾ ಸುಖದ ಸಂಸಾರಕ್ಕೆ ಒಂದು ದಿನ ನರ್ಸು ಸುಗಂಧಾಬಾಯಿ ಬಂದರು.

ಸಾವಕ್ಕ ಆ ತಿಂಗಳು ಹಲ್ಲು ಕಡಿಯುತ್ತಿದ್ದಳು, ಮೂಗು ತಿಕ್ಕುತ್ತಿದ್ದಳು, ಗ್ವಾಡಿಯ ಮಣ್ಣು ಕೆರೆದು ತಿನ್ನುತ್ತಿದ್ದಳು. ಕೈಕಾಲು ಜೋಳದ ದಂಟಿನಂಗ, ಹೊಟ್ಟೆ ಮಾತ್ರ ಡೊಳ್ಳಿನಂಗ. ಬಾಯಿಯವರು ಆಕೆಯ ಕಣ್ಣರೆಪ್ಪೆ ಎಳೆದು ನೋಡಿದರು, ನಾಲಗೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು.

"ಹುಳ ಆಗ್ಯಾವ್ರಿ."

ನಾನು ಎದ್ದು ನಿಂತೆ. "ಏನಂದ್ರಿ? ನಮ್ಮ ಹುಡಿಗಿ ಹೊಟ್ಟ್ಯಾಗ ಹುಳಾ? ಬಾಯೀ, ನಮ್ಮ ಮನ್ಯಾಗ ಹಾಲೈತಿ, ತುಪ್ಪೈತಿ. ಇಲ್ಲಿ ಹುಳಕ್ಕೇನು ಕೆಲಸ?"

"ಹಾಲು ತುಪ್ಪ ಇದ್ದಲ್ಲೇ ಇರ್ತಾವ್ರಿ ಅವು. ಅವಕ್ಕೇನು ಉಪವಾಸ ಐತೇನು?" ಅಂದರು ಬಾಯಿ, ಮಖ ಎತ್ತದೆ. ಮುಂದೆ ಶುರುವಾಯಿತು ಪುರಾಣ. ಉಗುರು ತೆಗೀರಿ. ಉಣ್ಣೂಕಿಂತ ಮುಂಚೆ ಸಾಬಣ ಹಚ್ಚಿ ಕೈ ತೊಳೀರಿ. ಬಯಲಕಡಿಗೆ ಹೋಗೂಮುಂದ ಚಪ್ಪಲಿ ಮೆಟ್ಟರಿ. ಗಜ್ಜರಿ, ಮೂಲಂಗಿ ಹೊಲದಾಗಿಂದ ಕಿತ್ತು ಧೋತರಕ್ಕೆ ಒರಸಿ ತಿನ್ನಬ್ಯಾಡ್ರಿ. ಮನಿಮಂದಿ ಎಲ್ಲರೂ ಒಂದ ದಿನ ಗುಳಿಗಿ ತಗೋರಿ. "ಮತ್ತ ಆ ನಾಯೀಗೂ ದನದ ದವಾಖಾನ್ಯಾಗ ತೋರಸ್ರಿ. ಹುಡಿಗಿ ಜೋಡಿ ಮಲಗಸಬ್ಯಾಡ್ರಿ, ಬಾಯಿ ನೆಕ್ಕಿಸಿಕೊಳ್ಳಾಕ ಬಿಡಬ್ಯಾಡ್ರಿ."

ಮೂವರಿಗೂ ಗುಳಿಗಿ ಕೊಟ್ಟು ಬಾಯಿ ಹೋದರು. ಇಷ್ಟೆಲ್ಲ ಪುರಾಣದಾಗ ನಮ್ಮ ಲಗಮವ್ವನ ಕಿವಿಗೆ ಬಿದ್ದದ್ದು ಒಂದೇ ಶಬ್ದ. ನಾಯಿ!

"ಕೇಳಿದ್ರ್ಯಾ? ಎಲ್ಲಾ ಆ ನಾಯಿಂದ!"

"ನಾಯಿಂದ ಅಂತ ಎಲ್ಲಿ ಅಂದ್ರು? ತೋರಸ್ರಿ ಅಂದ್ರು ಅಷ್ಟ!"

"ನನಗೇನು ಕಿವಿ ಇಲ್ಲೇನು? ನಾಡದು ನಮ್ಮ ತಮ್ಮ ಬರ್ತಾನ. ಕಬ್ಬಿಗೆ ಹಂದಿ ಕಾಟ ಬಾಳ ಆಗೇತಿ, ಒಂದು ನಾಯಿ ಕೊಡ್ರಿ ಅಂತ ವರ್ಷಾತು ಬಾಯಿ ಬಡಕೊಳ್ಳಾಕತ್ತಾನ. ವಾಗ್ಯಾಗ ಹುಳ ಇಲ್ಲಂತ ಡಾಕ್ಟರ ಬಾಯಿಂದ ಹೇಳಸ್ರಿ, ಗುಳಿಗಿ ನುಂಗಸ್ರಿ. ಇಲ್ಲಾಂದ್ರ ವಾಗ್ಯಾ ಸತ್ತಿಗೆ ಹೋಗ್ತೈತಿ!"

ಸತ್ತಿ ಅಂದರೆ ಅಥಣಿ ಕಡೆ ಕೃಷ್ಣಾ ಹೊಳಿ ದಂಡಿಗಿರೂ ಊರು, ನನ್ನ ಹೆಂಡತಿ ತವರು. ಹೆಸರೇ ಸತ್ತಿ! ಲಗ್ನದಾಗೇ ನನಗೆ ತಿಳಿಯಬೇಕಿತ್ತು.

"ವಾಗ್ಯಾ ಎಲ್ಲಿಗೂ ಹೋಗೂದಿಲ್ಲ! ನಾಳೆ ಅದರ ಹೊಟ್ಟಿ ಸರಕಾರದ ಡಾಕ್ಟರಗ ತೋರಿಸಿ ಶಿಕ್ಕಾ ಹೊಡಿಸಿಕೊಂಡು ಬರ್ತೀನಿ!"

"ಮತ್ತ ನಿಮ್ಮ ಗುಳಿಗಿ?"

"ನನಗ್ಯಾಕ ಗುಳಿಗಿ? ನನ್ನ ಹೊಟ್ಟ್ಯಾಗ ಹೊಕ್ಕ ಹುಳ ತಿರುಗಿ ಜೀವಂತ ಹೊರಗ ಬಂದೀತೇನ?"

ಸಾವಕ್ಕ ಬೆಲ್ಲದ ಜೋಡಿ ನುಂಗಿದಳು, ಲಗಮವ್ವ ನೀರಿನ ಜೋಡಿ ನುಂಗಿದಳು. ನನ್ನ ಪಾಲಿನ ಗುಳಿಗಿ ಗೂಡಿನಾಗ, ದೀಪದ ಬಾಜೂಕ, ನನ್ನನ್ನೇ ನೋಡುತ್ತ ಕುಂತಿತು.

ಮರುದಿನ ಚಿಕ್ಕೋಡಿಗೆ ಹೊರಟೆ. ನಾಯಿ ಒಯ್ಯುವ ಬದಲು ನಾಯಿಯ 'ಮಾಲು' ಒಯ್ದರೆ ದುರ್ಬೀನಿನಾಗ ಹಾಕಿ ನೋಡತಾರ ಅಂತ ಬಾಯಿ ಹೇಳಿದ್ದರು. ಕಡ್ಡಿಪೆಟ್ಟಿಗಿಯ ಕಡ್ಡಿ ತೆಗೆದು, ಅದರಾಗ ಮಾಲು ತುಂಬಿ, ಅಂಗಿಯ ಕಿಸೆಯಾಗ ಇಟ್ಟುಕೊಂಡು ಬಸ್ಸು ಹತ್ತಿದೆ. ಬಾಜೂಕ ತಲಿಗೆ ಭರ್ಜರಿ ಪಟಕಾ ಸುತ್ತಿದ ಒಬ್ಬ ಗೌಡ ಕುಂತಿದ್ದ. ನಿಪ್ಪಾಣಿ ತಂಬಾಕಿನ ಬೀಡಿ ತೆಗೆದು ಬಾಯಾಗ ಇಟ್ಟುಕೊಂಡ. ಕಿಸೆ ತಡವಿದ. ಆಮೇಲೆ ನನ್ನ ಕಿಸೆ ನೋಡಿದ!

"ಯಜಮಾನ್ರ, ಕಡ್ಡಿಪೆಟ್ಟಿಗಿ ಕೊಡ್ರಿ ಇಲ್ಲೆ."

"ಅದು ಹತ್ತೂದಿಲ್ರಿ."

"ಥಂಡಿ ಹಿಡದೈತೇನು? ಕೊಡ್ರಿ, ನಾ ಹತ್ತಸ್ತೀನಿ."

"ಬ್ಯಾಡ್ರಿ, ಅದು ಬ್ಯಾರೆ ನಮೂನಿದು."

"ಅಲ್ಲೋ ಮಾರಾಯಾ, ಒಂದು ಕಡ್ಡಿಗೆ ಇಷ್ಟು ಜಿಪುಣತನಾ?" ಅಂದವನೇ ಕಿಸೆಗೆ ಕೈ ಹಾಕಿ ಎಳೆದೇಬಿಟ್ಟ! ಪೆಟ್ಟಿಗಿ ತೆಗೆದ. ನೋಡಿದ. ಮೂಸಿದ. ಬೀಡಿ ಬಾಯಿಂದ ತಾನಾಗಿಯೇ ಕೆಳಗೆ ಬಿತ್ತು. ಮುಂದೆ ಚಿಕ್ಕೋಡಿ ಬರೂತನಕ ಇಡೀ ಸೀಟು ನನಗೊಬ್ಬನಿಗೇ! ರಾಜನಂಗ ಕಾಲು ಚಾಚಿ ಕುಂತು ಬಂದೆ.

ದನದ ದವಾಖಾನೆಯ ಡಾಕ್ಟರು ಹೊಸಬರು, ಮೈಸೂರು ಕಡೆಯವರು. ನನಗೆ ಕನ್ನಡ ಬರತೈತಿ, ಮರಾಠಿ ಬರತೈತಿ, ಸಂತ್ಯಾಗ ಕುರಿ ಮಾರೂವಷ್ಟು ಹಿಂದೀನೂ ಬರತೈತಿ. ಆದರೆ ಮೈಸೂರು ಕನ್ನಡ ಮಾತ್ರ ನನ್ನ ಕಿವಿಯಾಗ ಹೊಕ್ಕು ಅರ್ಧಕ್ಕೇ ಜಾರತೈತಿ. ಡಾಕ್ಟರು ಕಡ್ಡಿಪೆಟ್ಟಿಗಿ ಇಸಗೊಂಡು, ಅಟೆಂಡರ್ ದುರಗಪ್ಪನ ಕೈಗೆ ಕೊಟ್ಟು, ನನಗೆ ಕೇಳಿದರು:

"ಮನೇಲಿ ಜಂತು ಇದ್ಯೇನ್ರೀ?"

ನಮ್ಮ ಕಡೆ ಹೊಟ್ಟ್ಯಾಗಿನದಕ್ಕೆ ಹುಳ ಅಂತೀವಿ. ಜಂತಿ ಅಂದರೆ ಮಾಳಿಗಿ ಮನಿಯ ಮಣ್ಣಿನ ಸೂರು ಹೊರಲಿಕ್ಕೆ ಅಡ್ಡ ಹಾಕಿದ ತೊಲಿ. ನನ್ನ ಕಿವಿಗೆ ಬಿದ್ದದ್ದು ಜಂತಿ! ಎದಿ ಉಬ್ಬಿತು. ಈ ಡಾಕ್ಟರು ಮನಷ್ಯಾನ ಅಂತಸ್ತು ನೋಡಿ ಔಷಧ ಕೊಡೋರು ಕಾಣ್ತೈತಿ ಅಂದುಕೊಂಡೆ.

"ಅದಾವ್ರಿ! ಮನಿತುಂಬ ಅದಾವ! ಕರೋಶ್ಯಾಗ ನಮ್ಮಂಥಾವು ಯಾರ ಮನ್ಯಾಗೂ ಇಲ್ಲ!"

ಡಾಕ್ಟರು ಕನ್ನಡಕ ಸರಿ ಮಾಡಿಕೊಂಡರು. "ಎಷ್ಟು ದಿನದಿಂದ ಇವೆ?"

"ನಮ್ಮ ಅಜ್ಜನ ಕಾಲದಿಂದ್ರಿ."

"ಅಜ್ಜನ ಕಾಲದಿಂದಾನಾ! ಯಾರೂ ತೆಗೆಸೋಕೆ ಹೋಗ್ಲಿಲ್ವಾ?"

"ತೆಗಸೂದಾ?" ನನಗೆ ಸಿಟ್ಟು ಬಂತು. "ಯಾಕ್ರಿ ತೆಗಸೂದು? ಅವು ಅದಾವಂತನ ನಮ್ಮ ಮನೆತನ ನೆಟ್ಟಗ ನಿಂತೈತಿ!"

"ಕಣ್ಣಿಗೆ ಕಾಣಿಸ್ತಾವಾ?"

"ಅಂಗಾತ ಮಲಗಿದ್ರ ಎಲ್ಲಾ ಕಾಣ್ತಾವ್ರಿ."

"ಉದ್ದ ಎಷ್ಟಿರಬಹುದು?"

"ಒಂದೊಂದು ಹನ್ನೆರಡು ಫೂಟು. ದಪ್ಪ ಅಂದ್ರ," ನಾನು ತೊಡಿ ಬಡಿದು ತೋರಿಸಿದೆ, "ಇಷ್ಟು!"

ಡಾಕ್ಟರ ಕೈಯಾಗಿನ ಪೆನ್ನು ಟೇಬಲ್ಲಿನ ಮೇಲೆ ಬಿದ್ದು, ಉರುಳಿ, ನೆಲಕ್ಕೆ ಬಿತ್ತು. ಅವರು ಅದನ್ನ ಎತ್ತಿಕೊಳ್ಳಲಿಲ್ಲ.

"ಬ... ಬಣ್ಣ?"

"ಹೊಗಿ ಹಿಡದು ಕರ್ರಗಾಗ್ಯಾವ್ರಿ. ದೀಪಾವಳಿಗೊಮ್ಮೆ ಎಲ್ಲಾನೂ ತೊಳದು ಎಣ್ಣಿ ಹಚ್ತೀವಿ. ಹೋದ ವರ್ಷ ಒಂದರಾಗ ಒರಲಿ ಹತ್ತಿತ್ತು, ಬಡಿಗ್ಯಾರನ್ನ ಕರಸಿ ಕೊರಸಿದ್ವಿ!"

ಡಾಕ್ಟರು ಕುರ್ಚಿಯಿಂದ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತರು. ಅತ್ತ ದುರಗಪ್ಪ ಬಾಯಿಗೆ ಟಾವೆಲ್ಲು ತುರುಕಿಕೊಂಡು ನಡುಗುತ್ತಿದ್ದ. ನಾನು ಜ್ವರ ಬಂದಿರಬೇಕು ಅಂದುಕೊಂಡೆ. ಕೊನೆಗೆ ಟಾವೆಲ್ಲು ತೆಗೆದು ಅಂದ:

"ಸಾಹೇಬ್ರ, ಇವರು ಹೇಳಾಕತ್ತಿದ್ದು ಮಾಳಿಗಿ ಜಂತೀರಿ! ಮಾಳಸಿದ್ದಣ್ಣಾ, ಅವರು ಕೇಳಾಕತ್ತಿದ್ದು ಹೊಟ್ಟ್ಯಾಗಿನ ಹುಳಾ!"

ಮುಂದೆ ಇಬ್ಬರೂ ಸೇರಿ ನಕ್ಕದ್ದು ನೋಡಿ ಹೊರಗೆ ಕಟ್ಟಿದ ಎಮ್ಮಿಗಳು ಕೂಡ ಮೆಲುಕು ನಿಲ್ಲಿಸಿದವು. ನನ್ನ ಮಖ ಒಣ ಮೆಣಸಿನಕಾಯಿ ಆತು. ಆದರೆ ಔಷಧದ ಗರಜು ನನ್ನದು. ಸಿಟ್ಟಿಗೆ ಎತ್ತಿದ ಕೈ ಹಂಗೇ ಕಿವಿ ಕೆರೆದುಕೊಂಡು ಕೆಳಗೆ ಬಂತು.

"ಈ ಗುಳಿಗೆ ನಾಯಿಗೆ ಕೊಡಿ," ಅಂದರು ಡಾಕ್ಟರು ಕಣ್ಣು ಒರಸಿಕೊಳ್ಳುತ್ತ. "ಪರೀಕ್ಷೆಯಲ್ಲಿ ಹುಳ ಕಾಣಲಿ ಬಿಡಲಿ, ನಾಯಿ ಸಾಕಿದ ಮೇಲೆ ಆಗಾಗ ಕೊಡ್ತಾನೇ ಇರಬೇಕು. ಅದರ ಹೇಲು ಅಂಗಳದಲ್ಲಿ ಬಿಡಬೇಡಿ, ಗುಂಡಿ ತೋಡಿ ಹೂಳಿ. ಮಕ್ಕಳು ಅದೇ ಮಣ್ಣಲ್ಲಿ ಆಡ್ತಾವೆ. ಪರೀಕ್ಷೆ ಏನಾಯ್ತು ಅಂತ ನಾಳೆ ಹೇಳ್ತೀನಿ."

ಈಗ ಗುಳಿಗಿ ನುಂಗಿಸೂ ಪರ್ವ!

ವಾಗ್ಯಾನ ಬಾಯಿ ತೆಗೆದು ಗಂಟಲಿಗೆ ಹಾಕಿದೆ. ಪುಳಕ್ ಅಂತ ಹೊರಗೆ ಬಂತು. ರೊಟ್ಟಿಯಾಗ ಇಟ್ಟೆ. ರೊಟ್ಟಿ ಒಳಗೆ, ಗುಳಿಗಿ ಹೊರಗೆ. ತುಪ್ಪ ಹಚ್ಚಿದೆ. ತುಪ್ಪ ನೆಕ್ಕಿ, ಗುಳಿಗಿ ತಿಕ್ಕಿ ತೊಳೆದ ತಾಟಿನಂಗ ಥಳಥಳ ಮಾಡಿ ನನ್ನ ಕಾಲ ಮುಂದೆ ಇಟ್ಟಿತು. ಸಾವಕ್ಕ ಚಪ್ಪಾಳೆ ಹೊಡೆದಳು.

ಕೊನೆಗೆ ನನ್ನ ತಲಿಗೆ ಮಹಾ ಉಪಾಯ ಹೊಳೀತು. ಶೇಂಗಾದ ಉಂಡಿ! ವಾಗ್ಯಾಗ ಶೇಂಗಾದ ಉಂಡಿ ಅಂದರೆ ಜೀವ. ಒಂದು ದೊಡ್ಡ ಉಂಡಿ ಒಡೆದು, ನಟ್ಟನಡುವ ಗುಳಿಗಿ ಇಟ್ಟು, ಬೆಲ್ಲದ ಪಾಕ ಹಚ್ಚಿ ಮತ್ತೆ ಉಂಡಿ ಕಟ್ಟಿದೆ. ಅಕ್ಕಸಾಲಿಗೂ ಜೋಡು ಕಾಣಬಾರದು ಅಂಥಾ ಕೈಚಳಕ! ಹಿತ್ತಾಳಿ ತಾಟಿನಾಗ ಇಟ್ಟು, ತಾಟು ಕಟ್ಟಿಯ ಮೇಲಿಟ್ಟು, ಕುರಿ ಹಟ್ಟಿಗೆ ಹೋಗಿದ್ದ ವಾಗ್ಯಾನ್ನ ಕರಕೊಂಡು ಬರಲಿಕ್ಕೆ ಹೋದೆ.

ತಿರುಗಿ ಬಂದು ನೋಡತೇನಿ, ಕಟ್ಟಿಯ ಮೇಲೆ ತಾಟು ಐತಿ. ತಾಟಿನಾಗ ಉಂಡಿ ಇಲ್ಲ. ತಾಟಿನ ಬಾಜೂಕ ನನ್ನ ಮೈದುನ ರಾಜಾರಾಮ ಕುಂತಾನ! ನಾಳೆ ಬರಬೇಕಾದವ ಇವತ್ತೇ ಬಂದು, ಮೀಸಿಯ ಮೇಲಿನ ಶೇಂಗಾಪುಡಿ ಒರಸಿಕೊಳ್ಳಾಕತ್ತಾನ!

"ಶರಣ್ರಿ ದಾಜಿ!" ಅಂದ. ಅಕ್ಕನ ಗಂಡಗ ನಮ್ಮ ಕಡೆ ದಾಜಿ ಅಂತಾರ. "ಉಂಡಿ ಭಾರೀ ಇತ್ತು ಬಿಡ್ರಿ. ನಡುವ ಒಂದು ಚೂರು ಕಹಿ ಹತ್ತಿತು. ಕೆಟ್ಟ ಶೇಂಗಾ ಇತ್ತೇನೋ. ನುಂಗಿಬಿಟ್ಟೆ."

ನನ್ನ ಕೈಯಾಗಿನ ಹಗ್ಗ ಜಾರಿತು. ವಾಗ್ಯಾ ಖಾಲಿ ತಾಟು ಮೂಸಿ, ರಾಜಾರಾಮನ ಮಖ ನೋಡಿ, ನನ್ನ ಮಖ ನೋಡಿ, ಬಾಲ ಅಲ್ಲಾಡಿಸಿದ. ಉಪಕಾರ ಮಾಡಿದವನಿಗೆ ನಮಸ್ಕಾರ ಹೇಳಿದಂಗ!

ಹೇಳಲೋ ಬಿಡಲೋ? 'ಮೈದುನಾ, ನೀ ತಿಂದದ್ದು ನಾಯಿ ಗುಳಿಗಿ' ಅಂತ ಯಾವ ಬಾಯಿಂದ ಹೇಳಲಿ? ಎದುರಿಗೆ ಕುಂತು ಅವನನ್ನೇ ನೋಡಿದೆ. ಅಂವ ಕಿವಿ ಹಿಂದೆ ಪರಪರ ಕೆರೆದುಕೊಂಡ. ನನ್ನ ಎದಿ ಧಸಕ್ ಅಂತು! ಅಡಗಿಮನಿಯಿಂದ ಸಾರಿನ ವಾಸನಿ ಬಂತು; ಅಂವ ಮೂಗು ಮೇಲೆ ಮಾಡಿ ಮೂಸಿದ. ಧಸಕ್! ಆಮೇಲೆ ಕಾಲು ಮಡಚಿ, ದುಂಡಗಾಗಿ, ಕಟ್ಟಿಯ ಮೇಲೆ ಮಲಗಿಬಿಟ್ಟ. ಹಿತ್ತಲಕ್ಕೆ ಓಡಿ ಲಗಮವ್ವನ ಕಿವಿಯಾಗ ಎಲ್ಲಾ ಊದಿದೆ.

"ಅಯ್ಯೋ ನನ್ನ ಶಿವನ! ನನ್ನ ತಮ್ಮಗ ನಾಯಿ ಗುಳಿಗಿ ತಿನಿಸಿದ್ರ್ಯಾ?"

"ನಾ ಎಲ್ಲಿ ತಿನಿಸೀನಿ? ಅಂವನ ತಿಂದಾನ! ಪರರ ಮನ್ಯಾಗ ತಾಟಿಗೆ ಕೈ ಹಾಕೂಮುಂದ ಕೇಳಬಾರದಾ? ಈಗ ನೋಡು, ಹೆಂಗ ಕಿವಿ ಕೆರಕೊಳ್ಳಾಕತ್ತಾನ!"

"ಅಂವ ಸಣ್ಣಂವಿದ್ದಾಗಿಂದ ಹಂಗ ಕೆರಕೋತಾನ! ನೀವು ಮೊದಲ ಡಾಕ್ಟರ ಕಡಿ ಓಡ್ರಿ! ಅವನ ಕೂದಲಕ್ಕ ಏನರೆ ಆದ್ರ, ನಾಯಿ ಅಷ್ಟ ಅಲ್ಲ, ನಿಮ್ಮನ್ನೂ ಈ ಮನ್ಯಾಗ ಇಡೂದಿಲ್ಲ!"

ಸೈಕಲ್ಲು ಹತ್ತಿದೆ. ಎಂಥಾ ಪೆಡಲು! ಡಾಕ್ಟರು ಬಾಗಿಲು ಹಾಕೂದರಾಗ ಮುಟ್ಟಿದೆ.

"ಏನ್ರೀ, ಗುಳಿಗೆ ಕೊಟ್ರಾ?"

"ಹೋತ್ರಿ ಹೊಟ್ಟಿಗೆ," ಅಂದೆ ತೇಕುತ್ತ.

"ಸಲೀಸಾಗಿ ನುಂಗ್ತಾ?"

"ಬಾಯಿ ಚಪ್ಪರಿಸಿ ನುಂಗೇತ್ರಿ."

"ಭೇಷ್! ಈಗ ಹೇಗಿದೆ?"

"ಕಟ್ಟಿ ಮ್ಯಾಲ ಮಲಗಿತ್ರಿ. ನಾ ಬರೂಮುಂದ ಎದ್ದು ಬೀಡಿ ಸೇದಾಕತ್ತಿತ್ತು."

ಡಾಕ್ಟರು ನನ್ನನ್ನೇ ನೋಡಿದರು. ದುರಗಪ್ಪ ಆಗಲೇ ಟಾವೆಲ್ಲು ಹುಡುಕುತ್ತಿದ್ದ.

"ನಾಯಿ... ಬೀಡಿ ಸೇದ್ತಾ ಇತ್ತಾ?"

"ನಾಯಿ ಅಲ್ರಿ! ಮೈದುನ!"

ಎಲ್ಲಾ ಹೇಳಿದ ಮೇಲೆ ಡಾಕ್ಟರು ಮೈದುನ ಎಷ್ಟು ದಪ್ಪ, ಎಷ್ಟು ಎತ್ತರ ಅಂತ ಕೇಳಿದರು. "ಆ ಒಂದು ಗುಳಿಗೆಯಿಂದ ಅವರಿಗೆ ಅಪಾಯ ಇಲ್ಲ. ಹೆಚ್ಚಂದ್ರೆ ಎರಡು ಸಲ ಹೊರಗೆ ಹೋಗಿ ಬರ್ತಾರೆ. ಆದ್ರೂ ಒಂದ್ಸಲ ಮನುಷ್ಯರ ಡಾಕ್ಟರಿಗೆ ತೋರಿಸಿ. ನಾಯಿ ಔಷಧ ನಾಯಿಗೆ, ಮನುಷ್ಯರ ಔಷಧ ಮನುಷ್ಯರಿಗೆ. ಇನ್ನೊಂದ್ಸಲ ಹೀಗೆ ತಿಂಡಿಯಲ್ಲಿ ಬಚ್ಚಿಟ್ಟು ಎಲ್ಲೆಂದ್ರಲ್ಲಿ ಇಡಬೇಡಿ. ಮಗು ತಿಂದಿದ್ರೆ?"

ಸಾವಕ್ಕ ಅದೇ ಕಟ್ಟಿಯ ಮೇಲೆ ಆಡತಾಳ. ನಮ್ಮ ದೇವರು ಬೀರಪ್ಪನ್ನ ನೆನೆದು ಗಲ್ಲ ಬಡಕೊಂಡೆ.

"ಇನ್ನೊಂದು ಸುದ್ದಿ," ಅಂದರು ಡಾಕ್ಟರು. "ನೀವು ತಂದ ಕಡ್ಡಿಪೆಟ್ಟಿಗೆ ಇವತ್ತೇ ನೋಡಿಬಿಟ್ಟೆ. ನಿಮ್ಮ ನಾಯಿಯಲ್ಲಿ ಹುಳ ಕಾಣಲಿಲ್ಲ."

"ಆಂ?! ನಾ ಹೇಳಿದ್ದಿಲ್ಲೇನ್ರಿ!" ನನ್ನ ಕೈ ತೊಡಿಗೆ ಹೋತು. ಫಟ್!

"ಹಾಗಾದ್ರೆ ಮಗುಗೆ ಎಲ್ಲಿಂದ ಬಂತು?" ಡಾಕ್ಟರ ಕಣ್ಣು ನನ್ನ ಕಾಲಿಗೆ ಇಳಿಯಿತು. ಬರಿಗಾಲು. ಬೆರಳ ಸಂದಿಯಾಗ ಹೊಲದ ಮಣ್ಣು. ಕಣ್ಣು ಕೈಗೆ ಏರಿತು. ಉಗುರಿನಾಗ ಅದೇ ಹೊಲದ ಉಳಿದ ಮಣ್ಣು. "ಮಗುಗೆ ತುತ್ತು ಕೊಡೋರು ಯಾರು?"

"ನಾನ ರೀ. ನನ್ನ ಕೈಯಿಂದ ಅಲ್ಲದ ಉಣ್ಣೂದಿಲ್ಲ ಅಕಿ."

"ಕೈ ತೊಳೀತೀರಾ?"

"ಧೋತರಕ್ಕ ಒರಸ್ತೀನ್ರಿ."

ಡಾಕ್ಟರು ನನಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಅವರಿಗೆ ನನ್ನ ಮಾತು ಒಪ್ಪಿಗೆ ಆಗಿರಬೇಕು ಅಂದುಕೊಂಡು, ವಾಗ್ಯಾಗ ಹೊಸ ಗುಳಿಗಿ ಇಸಗೊಂಡು ಹೊರಟೆ. ವಾಗ್ಯಾ ಗೆದ್ದಿದ್ದ! ಮೈದುನಗ ಅಪಾಯ ಇಲ್ಲ! ಸೈಕಲ್ಲಿನ ಮೇಲೆ ನಾನು ಕುಂತಿರಲಿಲ್ಲ, ಆನಿ ಮೇಲೆ ಅಂಬಾರಿಯಾಗ ಕುಂತಿದ್ದೆ.

ಅಗಸಿಯಾಗ ಲಕ್ಕವ್ವಾಯಿ ಆಡು ಹಿಡಕೊಂಡು ನಿಂತಿದ್ದಳು. ನಮ್ಮ ಓಣಿಯ ಮುದುಕಿ. ಹಲ್ಲಿಲ್ಲ, ಬಾಯಿತುಂಬ ತಂಬಾಕು. ಆ ತಂಬಾಕಿನ ಮುದ್ದಿ ಅರ್ಧ ಅಕ್ಷರ ತಾನೇ ನುಂಗಿಬಿಡತೈತಿ.

"ಲೇ ಮಾಳ್ಯಾ, ಎಲ್ಲಿ ಹೋಗಿದ್ಯೋ? ನಿನ್ನ ಮೈದುನ ರಾಜಾರಾಮ ಸತ್ತಿ'ಹೋದ!"

ಸೈಕಲ್ಲು ನಿಂತಿತು. ನನ್ನ ಜೀವವೂ ನಿಂತಿತು.

"ಏನಂದಿ ಆಯೀ?"

"ಸತ್ತಿ'ಹೋದಾ ಅಂದ್ನಿ. ಈಗ ಅರ್ಧ ತಾಸಾತು."

"ಡಾಕ್ಟರು ಏನೂ ಆಗೂದಿಲ್ಲ ಅಂದಿದ್ರಲ್ಲೇ!"

"ಅದಕ್ಕ ಡಾಕ್ಟರನ ಯಾಕ ಕೇಳಬೇಕು? ಹೋಗೂ ಹೊತ್ತಾತು, ಹೋದ. ಎರಡು ಸರ್ತಿ ಬಯಲಕಡಿಗೆ ಓಡಿದ, ಬಂದ, 'ಅಕ್ಕಾ, ಹೊಟ್ಟಿ ಹಗುರಾತು' ಅಂದ, ಹೋದ."

"ಎವ್ವಾ! ಕಡೀ ಮಾತು ಅದನಾ?"

"ಹೂಂ. ನಿಮ್ಮ ನಾಯಿನೂ ಸತ್ತಿ'ಹೋತು."

"ವಾಗ್ಯಾನೂ!?"

"ಇಬ್ಬರೂ ಕೂಡೇ ಹೋದ್ರು. ನಿನ್ನ ಹೆಂಡ್ತಿನ ಮುಂದ ನಿಂತು ಕಳಿಸಿದ್ಲು. ಚಾ ಕುಡಿಸಿ, ಬುತ್ತಿ ಕಟ್ಟಿ."

ಸತ್ತವಗೆ ಬುತ್ತಿ ಯಾಕ ಅಂತ ವಿಚಾರ ಮಾಡಲಿಕ್ಕೆ ನನ್ನ ತಲಿ ತಲಿಯಾಗಿ ಉಳಿದಿರಲಿಲ್ಲ. ಸೈಕಲ್ಲು ಒಗೆದೆ. ಅಗಸಿಯ ನಟ್ಟನಡುವ ಮಂಡಿ ಊರಿ ಎದಿ ಬಡಕೊಂಡೆ. ನಾನು ಒದರಿದರೆ ಮೂರು ಓಣಿ ಕೇಳತೈತಿ. ಅಳಲಿಕ್ಕೆ ಒದರಿದ್ದು ಅದೇ ಮೊದಲು, ಆರು ಓಣಿ ಕೇಳಿತು!

"ನಾನ ಕೊಂದ್ನೆಪ್ಪೋ! ಇಬ್ಬರನ್ನೂ ನಾನ ಕೊಂದ್ನಿ! ನಾಯಿ ಗುಳಿಗಿ ಉಂಡ್ಯಾಗಿಟ್ಟು ಮೈದುನನ್ನ ಕೊಂದ್ನಿ! ಎಪ್ಪಾ ಬೀರಪ್ಪಾ! ಅವರಿಬ್ಬರನ್ನ ಒಮ್ಮೆ ಎಬ್ಬಿಸಿ ಕೂಡ್ರಸು! ನಾನೂ ಗುಳಿಗಿ ನುಂಗತೇನಿ! ಚಪ್ಪಲಿ ಮೆಟ್ಟತೇನಿ! ಉಗುರು ತೆಗಸತೇನಿ! ದಿನಾ ಸಾಬಣ ಹಚ್ಚಿ ಕೈ ತೊಳಕೋತೇನೋ ಎಪ್ಪಾ!"

ಮಂದಿ ನೆರೆಯಿತು. ಇಂಥಾ ಹರಕಿ ಬೀರಪ್ಪಗ ಅಲ್ಲಿತನಕ ಯಾರೂ ಹೊತ್ತಿರಲಿಲ್ಲ. ಕುರಿ ಕೊಡತೇನಿ ಅಂದವರುಂಟು, ಕಾಯಿ ಒಡೀತೇನಿ ಅಂದವರುಂಟು. ಸಾಬಣ! ಕೆಲವರು ಕಣ್ಣು ಒರಸಿಕೊಂಡರು, ಕೆಲವರು ಬಾಯಿ ಮುಚ್ಚಿಕೊಂಡರು.

ಅಷ್ಟರಾಗ ಸಗಣಿ ಕೈಯಾಗೇ ಲಗಮವ್ವ ಓಡಿ ಬಂದಳು. "ಯಾರು ಸತ್ರು?"

"ನಿನ್ನ ತಮ್ಮ ಲಗಮೀ! ವಾಗ್ಯಾನೂ! ಲಕ್ಕವ್ವಾಯಿ ಹೇಳಿದ್ಲು! ಸತ್ತ ಹೋದ್ರಂತ!"

ಲಗಮವ್ವ ಮುದುಕಿಯ ಕಡೆ ನೋಡಿದಳು. ಮುದುಕಿ ತಂಬಾಕು ಪಿಚಕ್ ಅಂತ ಉಗುಳಿ, ಜೀವಮಾನದಾಗ ಮೊದಲ ಸಲ ಎಲ್ಲಾ ಅಕ್ಷರ ಬಿಡಿಸಿ ಅಂದಳು:

"ಸತ್ತಿ-ಗೆ! ಸತ್ತಿ-ಗೆ ಹೋದ ಅಂದ್ನಿ! ಊರು! ಅಥಣಿ ಕಡಿ ಟೆಂಪೋ ಬಂದಿತ್ತು, ಹತ್ತಿ ಹೋದ! ಇವನ ಕಿವ್ಯಾಗೇನು ಮಣ್ಣಿನ ಹೆಂಟಿ ಹೊಕ್ಕಾವೇನ?"

ಅಗಸಿ ಕಿತ್ತು ಬೀಳೂವಂಗ ನಗಿ! ಲಕ್ಕವ್ವಾಯಿಯ ಆಡು ಕೂಡ ಬ್ಯಾ ಅಂತು.

ನಾನು ಮಣ್ಣು ಝಾಡಿಸಿಕೊಂಡು ಎದ್ದೆ. "ಮತ್ತ ವಾಗ್ಯಾ ಯಾಕ ಹೋತು? ನಾ ಇಲ್ಲದಾಗ ನನ್ನ ನಾಯಿ ಯಾಕ ಕೊಟ್ಟಿ?"

"ದಂಡ!" ಅಂದಳು ಲಗಮವ್ವ. "ನನ್ನ ತಮ್ಮಗ ನಾಯಿ ಗುಳಿಗಿ ತಿನಿಸಿದ ದಂಡ! ಅವಗ ನಿಜ ಹೇಳಾಕ ಬಾಯಿ ಬರಲಿಲ್ಲ, ನಾಯಿನರೆ ಕೊಟ್ಟೆ."

"ವಾಗ್ಯಾಗ ಹುಳ ಇಲ್ಲಂತ ಡಾಕ್ಟರ ಹೇಳ್ಯಾರ! ದುರ್ಬೀನಿನಾಗ ನೋಡಿ ಹೇಳ್ಯಾರ! ನಿನ್ನ ಕರಾರಿನ ಪ್ರಕಾರ ವಾಗ್ಯಾ ಮನ್ಯಾಗ ಇರಬೇಕು! ನಾಳೆ ಹೋಗಿ ತರ್ತೀನಿ!"

"ತರವಂತ್ರಿ. ಮೊದಲ ಬೀರಪ್ಪಗ ಕೊಟ್ಟ ಮಾತು ನಡಸ್ರಿ. ಊರ ಕೇಳೇತಿ."

ಮನಿಗೆ ಹೋಗಿ ಗೂಡಿನಾಗಿನ ಗುಳಿಗಿ, ತಂಬಿಗಿ ನೀರು ತಂದಳು. ಮಂದಿ ಚದರಲಿಲ್ಲ, ಇನ್ನೂ ಹತ್ತಿರ ಬಂದರು. ನಾನು ಎದಿ ಉಬ್ಬಿಸಿ ಗುಳಿಗಿ ಎತ್ತಿ ಹಿಡಿದೆ.

"ನೋಡ್ರಿ! ಕೊಟ್ಟ ಮಾತಿಗೆ ನುಂಗಾಕತ್ತೀನಿ, ಹುಳಕ್ಕಲ್ಲ! ನಾಳೆ ಮುಂಜಾನೆ ಒಂದ ಒಂದು ಹುಳ ಹೊರಗ ಬಂದ್ರ ಕೇಳ್ರಿ!"

ಗುಟುಕ್.

ಮರುದಿನ ಮುಂಜಾನೆ ಹೊಸ ಚಪ್ಪಲಿ ಮೆಟ್ಟಿಕೊಂಡು, ತಂಬಿಗಿ ಹಿಡಕೊಂಡು ಬಯಲಕಡಿಗೆ ಹೋದೆ. ಅಲ್ಲಿ ನಾನು ಕಂಡದ್ದನ್ನ ಇಲ್ಲಿ ಬರೆಯೂದಿಲ್ಲ. ನೀವು ಚಾ ಕುಡಿಯುತ್ತ ಓದುತ್ತಿರಬಹುದು. ಇಷ್ಟು ಮಾತ್ರ ಹೇಳತೇನಿ: ಮೊದಲು ಕಾಲಿನಿಂದ ಮಣ್ಣು ಎಳೆದೆ. ಸಾಲಲಿಲ್ಲ. ಕೈಯಿಂದ ಎಳೆದೆ. ಸಾಲಲಿಲ್ಲ. ಅಕ್ಕಪಕ್ಕದ ಕಲ್ಲು ತಂದು ಹೇರಿದೆ. ಆಮೇಲೆ ಯಾರೂ ನೋಡಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮೀಸಿ ತಿರುವುತ್ತ, ಏನೂ ಆಗದವರಂಗ ಮನಿಗೆ ಬಂದೆ. ಬಚ್ಚಲಿನಾಗ ಕುಂತು ಸಾಬಣ ಹಚ್ಚಿ ಕೈ ತೊಳೆದೆ. ಮತ್ತೆ ಹಚ್ಚಿದೆ. ಉಗುರು ತಿಕ್ಕಿದೆ. ಮತ್ತೆ ಹಚ್ಚಿದೆ.

ಲಗಮವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದಳು.

"ಏನಾತ್ರಿ?"

"ಏನಾಗಬೇಕು? ಏನೂ ಇಲ್ಲ! ಹೊಟ್ಟಿ ಲಕ್ಖ ಸ್ವಚ್ಛ!"

"ಹಂಗನಾ?" ಆಕೆ ಸಾಬಣದ ಕಡೆ ಬೊಟ್ಟು ಮಾಡಿದಳು. ಮುಂಜಾನೆ ಒಡೆದ ಹೊಸ ಸಾಬಣ ಅಂಗೈಯಾಗ ಹುಣಸೀ ಪಿಕ್ಕಿಯಷ್ಟು ಉಳಿದಿತ್ತು. "ಲಗ್ನಾದಾಗಿಂದ ಹೇಳಿದ್ರೂ ಸಾಬಣ ಮುಟ್ಟದ ಮನಷ್ಯಾ ಇವತ್ತು ಹೇಳದ ಕೇಳದ ಮೊಳಕೈ ಮಟ ಹಚ್ಚಾಕತ್ತೀರಿ. ಬಾಳ ಇದ್ದೂ ಏನ್ರಿ?"

ನಾನು ಸಾಬಣದ ನೊರಿ ನೋಡುತ್ತ ಕುಂತೆ. ಕುಸ್ತಿಯಾಗ ಎಷ್ಟೋ ಸಲ ಬಿದ್ದೇನಿ, ಬೆನ್ನಿಗೆ ಮಣ್ಣು ಹತ್ತಿದ್ದು ಮಾತ್ರ ಅವತ್ತೇ. ಹುಡಿಗಿಗೆ ತುತ್ತು ಕೊಟ್ಟ ಕೈ ಯಾವುದು ಅಂತ ಆಕೆ ಕೇಳಲಿಲ್ಲ. ಕೇಳಿದ್ದರೆ ಛಲೋ ಇತ್ತು.

"...ಇದ್ದೂ," ಅಂದೆ ಮೆತ್ತಗೆ. ಆಮೇಲೆ ಮಾತು ಮರೆಸಲಿಕ್ಕೆ, "ಅದಿರಲಿ, ನಾ ಈಗ ಸತ್ತಿಗೆ ಹೊಂಟೆ. ವಾಗ್ಯಾಗ ಹುಳ ಇಲ್ಲ, ಅದನ್ನ ಕರಕೊಂಡು ಬರ್ತೀನಿ" ಅಂದೆ.

"ಹೂಂ, ಹೋಗ್ರಿ. ವಾಗ್ಯಾನ್ನ ಟೆಂಪೋದಾಗ ಕೂಡ್ರಿಸಿ ಕಳಸ್ರಿ," ಅಂದಳು ಲಗಮವ್ವ ಒಳಗೆ ಹೋಗುತ್ತ. "ನೀವು ಅಲ್ಲೇ ಇರ್ರಿ. ಕಬ್ಬಿನ ದಂಡಿಗೆ ನಿಂತು ಒದರಾಕ ನಮ್ಮ ತಮ್ಮಗ ಒಬ್ಬರು ಬೇಕಾಗ್ಯಾರ. ಒದರೂದರಾಗ ನೀವೇನು ನಾಯಿಗಿಂತ ಕಡಿಮಿ ಇಲ್ಲ!"